ಓಕ್ ತೊಲೆಯ ವಯಸ್ಸು

ಫೆಬ್ರುವರಿ ೧೨, ಸೋಮವಾರ

ಆಸ್ಪತ್ರೆಯಿಂದ ಬಂದಾಗಿನಿಂದ ನನ್ನ ಗಂಡ ಇಥೆಲ್ ಊಟ ಮುಟ್ಟುತ್ತಿರಲಿಲ್ಲ. ಅದೇ ಚಿಂತೆಯಲ್ಲಿದ್ದಾಗ, ಮರದ ಸುತ್ತುಗಳನ್ನು ಎಣಿಸಿ ಕಾಲ ಹೇಳುವ ನೋನ್ ಬಂದಳು. ಈ ಮನೆಯ ಒಂದು ತೊಲೆಯನ್ನೂ ಬದಲಿಸಲು ಇಥೆಲ್ ಬಿಟ್ಟವರಲ್ಲ. 'ಹಳೇ ಕೊಟ್ಟಿಗೆ ಕಾಯೋನು' ಎಂದು ನಮ್ಮ ಈ ಪೊವಿಸ್ ಸೀಮೆಯವರೆಲ್ಲ ನಗುತ್ತಿದ್ದರು.

ನೋನ್ ಮಂಚದ ಪಕ್ಕ ಕೂತಳು. "ತಾತ, ತೊಲೆ ಕೊರೆದು ನೋಡಿದ್ವಲ್ಲ, ತೊಗಟೆ ಅಂಚಿನ ಕೊನೇ ಸುತ್ತೂ ಪೂರ್ತಿ ಸಿಕ್ತು. ಆ ಮರ ಕಡಿದಿದ್ದು ೧೪೩೧ರ ಚಳಿಗಾಲದಲ್ಲಿ."

ಇಥೆಲ್ ತೊಲೆಯನ್ನೇ ನೋಡುತ್ತ ಮಲಗಿದ್ದರು. "ಅಯ್ಯೋ ಪಾಪ, ಆ ಚಳೀಲಿ ಕೊಡಲಿ ಹಿಡಿದವನಿಗೆ ಎಷ್ಟು ಹಸಿವಾಗಿರ್ಬೇಕು!" ಆಮೇಲೆ ನನ್ನತ್ತ ತಿರುಗಿ, "ತೆಗ್ವೆನ್, ಬಿಸಿಯಾಗಿ ಏನಾದ್ರೂ ಇದೆಯೇನೆ?" ಎಂದರು.

ಕುರಿಮಾಂಸದ ಸಾರು ಕೊಟ್ಟೆ. ಎರಡನೇ ಬಟ್ಟಲೂ ಕೇಳಿದರು. ದೇವರು ದೊಡ್ಡವನು. ನಾನು ಅಳುತ್ತ ನಿಂತು, ನೋನ್‌ಗೆ ಒಂದು ಒಳ್ಳೆಯ ಮಾತು ಹೇಳುವುದನ್ನೂ ಮರೆತೆ. ಬೆಳಗಾಗಲಿ, ಮೊದಲು ಆ ಹುಡುಗಿಗೆ ಆ ಮಾತು ಹೇಳಬೇಕು.