ಕೆಂಪು ಚುಕ್ಕಿಯ ಕಪ್ಪು-ಬಸಿ

ರಾಣೆಬೆನ್ನೂರು, ಮಂಗಳವಾರ

ಪದ್ಮಕ್ಕನಿಗೆ ತಮ್ಮನ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನೀನು ನಗುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಮಾದರಿಗೆಂದು ನೀನು ಬ್ಯಾಡಗಿಯಿಂದ ಕಳಿಸಿದ ಅವ್ವನ ಹಳೇ ಚಹಾದ ಕಪ್ಪು-ಬಸಿಯನ್ನು ನೋಡಿಕೊಂಡೇ ನಾನು, ಹೆಂಡತಿ, ಮಗಳು ಸೇರಿ ನಮ್ಮ ಹೊಸ ಪಿಂಗಾಣಿ ಭಟ್ಟಿಯ ಮೊದಲ ಆರ್ಡರ್ ಮುಗಿಸಿದೆವು. ನೀಲಿ ಹೂವು, ಬಳ್ಳಿ, ತಳದ ಕೆಂಪು ಚುಕ್ಕಿ, ಯಾವುದನ್ನೂ ಬಿಡಲಿಲ್ಲ. ನಿನ್ನೆ ಭಟ್ಟಿ ತೆರೆದಾಗ ಅವ್ವ ಒಂದನ್ನೆತ್ತಿ ನೋಡಿದಳು.

“ಅಯ್ಯ ಬಾಳ್ಯಾ, ಈ ಚುಕ್ಕಿ ಡಿಸೈನ್ ಅಲ್ಲೋ! ಲಗ್ನದ ಮನಿಗೆ ಎರವಲ ಕೊಟ್ಟ ಕಪ್ಪು ತಿರುಗಿ ನಮ್ಮ ಮನೀಗೇ ಬರ್ಲಿ ಅಂತ ನಾ ಹಚ್ಚಿದ ಉಗುರುಬಣ್ಣ ಅದು!”

ಸ್ಟೀಲ್ ಪಾತ್ರೆಯ ಅಂಗಡಿ ಮುಚ್ಚಿ ಇದಕ್ಕೆ ಕೈಹಾಕಿದವನು ನಾನು. ಈ ಮಾಲು ವಾಪಸು ಬಂದರೆ ಭಟ್ಟಿಯನ್ನೂ ಮುಚ್ಚಬೇಕು.

ಈ ಆರ್ಡರ್ ಕೊಟ್ಟ, ಹಾವೇರಿಯಲ್ಲಿ ಹಳೇ ಶೈಲಿಯ ಚಹಾದಂಗಡಿ ತೆರೆಯಲಿರುವ ವಿಕ್ರಮ ಅವರು, ಮಾಲು ಒಯ್ಯುವ ಮೊದಲು, ನಿನ್ನ ಹತ್ತಿರ ಉಳಿದಿರುವ ಹಳೇ ಕಪ್ಪುಗಳನ್ನು ನೋಡಲು ಶುಕ್ರವಾರ ನಿನ್ನ ಮನೆಗೆ ಬರುತ್ತಾರೆ. ಬರುವವರಿದ್ದಾರೆಂದು ಅವನ್ನು ತಿಕ್ಕಿ ತೊಳೆಯಬೇಡ, ಚುಕ್ಕಿ ಹೋದೀತು. ಅದೇನೆಂದು ಕೇಳಿದರೆ “ನಮ್ಮ ಅವ್ವನ ಕೈಯಿಂದು” ಅನ್ನು. ಸುಳ್ಳೇನಲ್ಲ.

ಕೊಟ್ಟ ಕಪ್ಪು ಮನೆಗೆ ಮರಳಲೆಂದು ಅವ್ವ ಆ ಚುಕ್ಕಿ ಇಟ್ಟಳು. ನಾವು ಮಾಡಿದ ಈ ಕಪ್ಪುಗಳಲ್ಲಿ ಒಂದೂ ಮರಳದಿರಲೆಂದು ನಾನು ದೀಪ ಹಚ್ಚಿಟ್ಟಿದ್ದೇನೆ.

ನಿನ್ನ ತಮ್ಮ,
ಬಾಳಕೃಷ್ಣ