ಮುಯ್ಯಾಳಿನ ಬಾಡಿಗೆ

೪ ಮಾರ್ಚ್ ೨೦೧೮
ಡೊಮಿನಿಕಾ

ಪ್ರೀತಿಯ ಅಣ್ಣ ಅಲ್ಫಿಯಸ್‌ಗೆ,

ಚಂಡಮಾರುತ ಹೋಗಿ ಐದು ತಿಂಗಳು ಕಳೆಯಿತು. ನಮ್ಮ ಅತಿಥಿಗೃಹದ ಎರಡು ಕೋಣೆಗಳಿಗೆ ಮತ್ತೆ ಸೂರು ಬಂದಿದೆ. ಬಾಗಿಲು ಹಾಕಿ ಗ್ವಾಡೆಲೂಪಿಗೆ ಬಂದುಬಿಡು ಎಂದು ನೀನು ಕಳಿಸಿದ ಹಡಗಿನ ಟಿಕೆಟ್ ತಲುಪಿತು.

ಕಳೆದ ವಾರ ಮೊದಲ ಪ್ರವಾಸಿಗಳು ಬಂದರು, ಗಂಡ ಹೆಂಡತಿ. ಜಲಪಾತಕ್ಕೆ ಹೊರಟವರು, ಪಕ್ಕದ ತಿತೀನ್ ಅಜ್ಜಿಯ ಮನೆಗೆ ಊರೆಲ್ಲ ಸೇರಿ ಸೂರು ಹೊದಿಸುವುದನ್ನು ಕಂಡು ಸಂಜೆಯವರೆಗೆ ಅಲ್ಲೇ ತಗಡು ಹೊತ್ತರು. ಮರುದಿನ ಅವರು ಬಾಡಿಗೆ ಕೊಡಲು ಬಂದಾಗ ನನಗೆ ಕೈ ಚಾಚಲಾಗಲಿಲ್ಲ. ಕೂಲಿ ಕೇಳದೆ ಮುಯ್ಯಾಳಾಗಿ ದುಡಿದವರಿಂದ ನಮ್ಮಲ್ಲಿ ಯಾರು ದುಡ್ಡು ತೆಗೆದುಕೊಂಡಿದ್ದಾರೆ? ಬೇಡವೆಂದೆ.

ಬೇಲಿಯಾಚೆ ಕೇಳಿಸಿಕೊಂಡ ಅಜ್ಜಿ ಕೋಲೂರಿಕೊಂಡು ಬಂದೇಬಿಟ್ಟಳು. "ಏನೇ, ದೊಡ್ಡ ಧರ್ಮಾತ್ಮಳು ನೀನು! ತಗಡು ಹೊತ್ತಿದ್ದು ನನ್ನ ಮನೆಗೆ. ಅದಕ್ಕೆ ನಾನು ಮೀನು, ಕೆಸುವಿನ ಗಡ್ಡೆ ಹೊಟ್ಟೆ ತುಂಬ ಬಡಿಸಿದೀನಿ, ಅಲ್ಲಿಗೆ ಮುಗೀತು. ನಿನ್ನ ಹಾಸಿಗೇಲಿ ಮಲಗಿದ್ದು ಬೇರೆ. ನೀನು ಬಾಡಿಗೆ ತಗೊಳ್ದೆ ಇದ್ರೆ, ಬ್ರೆಡ್ಡು ಸುಡೋ ಮಾರ್ವಾಗೆ, ಕಾಡುದಾರಿ ತೋರ್ಸೋ ಸಿಲ್ವಾನಸ್‌ಗೆ ಏನು ಕೊಡ್ತೀಯೇ, ನಿನ್ನ ಮುಖಾನಾ?"

ದಂಪತಿಗಳು ನಗುತ್ತ ಬಾಡಿಗೆಯನ್ನು ಅಜ್ಜಿಯ ಕೈಗೇ ಕೊಟ್ಟರು. ಅವಳು ಅದನ್ನು ನನ್ನ ಜೇಬಿಗೆ ತುರುಕಿದಳು. ನಾನು ಬ್ರೆಡ್ಡಿನ ಹಳೆಯ ಬಾಕಿ ಕೊಟ್ಟ ಮೇಲೆ ಮಾರ್ವಾ ಚಂಡಮಾರುತದ ನಂತರ ಮೊದಲ ಬಾರಿ ಇಡೀ ಮೂಟೆ ಹಿಟ್ಟು ತಂದಳು. ಅಜ್ಜಿಯ ಕಿಟಕಿಗಳಿಗೆ ಇನ್ನೂ ಬಾಗಿಲಿಲ್ಲ. ಆದರೂ ನನ್ನ ಬಾಡಿಗೆಯಿಂದ ಉರಿಯಬೇಕಾದ ಊರಿನ ಒಲೆಗಳೆಲ್ಲ ಅವಳ ಕಣ್ಣಿಗೆ ಬಿದ್ದಿದ್ದವು, ನನಗೆ ಕಂಡಿರಲಿಲ್ಲ.

ಟಿಕೆಟ್ ರದ್ದು ಮಾಡಿಸಿ, ಸೊಳ್ಳೆಪರದೆ ಎರಡು ಕಳಿಸು. ನಾನು ಬರುವುದಿಲ್ಲ, ಅಣ್ಣ. ಕೋಣೆಗಳು ಖಾಲಿ ಇವೆ ಎಂಬ ಫಲಕವನ್ನು ನಾಳೆ ರಸ್ತೆಬದಿಯಲ್ಲಿ ನೆಡುತ್ತೇನೆ.

ನಿನ್ನ ತಂಗಿ,
ಇರ್ಮಿನಾ