ನಾಲ್ಕು ತುಂಬಿದರೆ ಭುಜ ಬೆಳೆಯುತ್ತದೆಯೇ?

ಹಾಗಾದರೆ ನಾಲ್ಕನೇ ಹುಟ್ಟುಹಬ್ಬದ ಬೆಳಿಗ್ಗೆ ಮಗುವಿನ ಭುಜ ತಾನಾಗಿಯೇ ನಾಲ್ಕು ಬೆರಳು ಮೇಲೇರುತ್ತದೆ ಎಂದು ನಿಮ್ಮ ನಂಬಿಕೆ, ಅಲ್ಲವೇ ರಸ್ತೆ ಸುರಕ್ಷತಾ ಅಧಿಕಾರಿಗಳೇ? ಇಲ್ಲದಿದ್ದರೆ ನಿಮ್ಮ ಕಚೇರಿ ಎರವಲು ಕೊಟ್ಟ ಮಕ್ಕಳ ಕಾರ್ ಸೀಟನ್ನು ಸರಿಯಾಗಿ ಅದೇ ದಿನ ವಾಪಸ್ ಕೇಳುವ ನಿಯಮ ಯಾಕೆ?

ಮೊದಲೇ ಹೇಳಿಬಿಡುತ್ತೇನೆ, ನಾನು ನಿಮ್ಮ ಅಭಿಮಾನಿ. ನಿಮ್ಮ ಪ್ರತಿ ವಿಡಿಯೋವನ್ನೂ ಎರಡೆರಡು ಸಲ ನೋಡಿದವಳು. ಅಮ್ಮಂದಿರ ಗ್ರೂಪಿನಲ್ಲಿ ಮಕ್ಕಳಿಲ್ಲದ ಒಬ್ಬಳೇ ಸದಸ್ಯೆ ನಾನು. ಯಾರಾದರೂ ನಿಮ್ಮನ್ನು ಬೈದರೆ ಮೊದಲು ಜಗಳಕ್ಕೆ ಬೀಳುತ್ತಿದ್ದವಳೂ ನಾನೇ. ಸೀಟು ಚಿಕ್ಕದಾಯಿತೆಂದು ಗೊತ್ತಾಗುವುದು ಹೇಗೆ ಎಂದು ಕಲಿತದ್ದೂ ಆ ಗ್ರೂಪಿನಲ್ಲೇ. ಮಗುವಿನ ಭುಜ, ಸೀಟಿನ ಪಟ್ಟಿ ತೂರಿಸುವ ಎಲ್ಲಕ್ಕಿಂತ ಮೇಲಿನ ತೂತನ್ನು ದಾಟಿರಬೇಕು, ಇಲ್ಲವೇ ಕಿವಿ ಸೀಟಿನ ಅಂಚಿಗೆ ಬಂದಿರಬೇಕು, ಇಲ್ಲವೇ ತೂಕ ಸೀಟಿನ ಮೇಲೆ ಬರೆದ ಮಿತಿ ಮೀರಿರಬೇಕು. ನಮ್ಮ ಅಕ್ಕನ ಮಗಳ ವಿಷಯದಲ್ಲಿ ಇದ್ಯಾವುದೂ ಆಗಿಲ್ಲ. ಮನೆಯಲ್ಲಿ ಅವಳನ್ನು ಸಾಸಿವೆ ಎಂದು ಸುಮ್ಮನೆ ಕರೆಯುತ್ತೇವೆಯೇ?

ಶುಕ್ರವಾರ ಅಕ್ಕ, ಸಾಸಿವೆ, ನಾನು ಮೂವರೂ ನಿಮ್ಮ ಕಚೇರಿಗೆ ಬಂದೆವು. ಕೌಂಟರಿನವರು ಜನನ ಪ್ರಮಾಣಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು. ಎದುರಿಗೇ ನಿಂತಿದ್ದ ಮಗುವಿನತ್ತ ಕಣ್ಣೆತ್ತಲಿಲ್ಲ.

"ನಾಲ್ಕು ತುಂಬ್ತಲ್ಲಮ್ಮ, ಸೀಟ್ ಇಲ್ಲಿಟ್ಟು ಹೋಗಿ."

"ಒಂದ್ಸಲ ಅವಳನ್ನ ನೋಡಿ ಸಾರ್, ಕಾರಿನ ಬೆಲ್ಟ್ ಕುತ್ತಿಗೆಗೇ ಬರುತ್ತೆ," ಎಂದಳು ಅಕ್ಕ.

"ಹಂಗಾದ್ರೆ ಬೆನ್ನ ಹಿಂದೆ ಹಾಕಿ. ಎಲ್ಲರೂ ಹಂಗೇ ಮಾಡೋದು."

"ಎಲ್ಲರೂ ಅಂದ್ರೆ ಯಾರು ಸಾರ್? ಇನ್ನೂ ಇದಾರಾ ಅವ್ರು?" ಎಂದೆ ನಾನು.

ಅವರು ಮುಂದಿನ ಟೋಕನ್ ಕೂಗಿದರು. ಸೀಟು ಅಲ್ಲೇ ಉಳಿಯಿತು.

ಬೆಲ್ಟು ಬೆನ್ನ ಹಿಂದೆ ಹೋದರೆ ಎದೆಯನ್ನು ಹಿಡಿಯುವವರು ಯಾರು, ಗಾಳಿಯೇ? ನಾವು ಹಾಗೆ ಮಾಡಲಿಲ್ಲ. ದಾರಿಯಲ್ಲಿ ಮುಂದಿನ ಲಾರಿ ಗಕ್ಕನೆ ನಿಂತಿತು, ಅಕ್ಕ ಬ್ರೇಕ್ ಒತ್ತಿದಳು. ವೇಗವೇನೂ ಹೆಚ್ಚಿರಲಿಲ್ಲ. ಹಿಂದಿನ ಸೀಟಿನತ್ತ ತಿರುಗಿ ನೋಡಿದರೆ ಸಾಸಿವೆ ಎರಡೂ ಕೈಯಲ್ಲಿ ಬೆಲ್ಟನ್ನು ಕುತ್ತಿಗೆಯಿಂದ ದೂರ ತಳ್ಳಿ ಹಿಡಿದಿದ್ದಳು. ಕಿವಿಯ ಕೆಳಗಿಂದ ಗಂಟಲಿನವರೆಗೆ ಕೆಂಪು ಬರೆ.

"ಚಿಕ್ಕಿ, ಇದು ಕಚ್ಚುತ್ತೆ."

ಅಕ್ಕ ಕನ್ನಡಕದ ಅಂಗಡಿಗಳಿಗೆ ಗಾಜು ತಲುಪಿಸುವವಳು. ಅವಳ ಕಾರಿನಲ್ಲಿ ಒಂದೊಂದು ಗಾಜಿಗೂ ಸ್ಪಂಜಿನಲ್ಲಿ ಅದರದೇ ಅಳತೆಗೆ ಕೊರೆದ ಗುಂಡಿ ಇದೆ; ಅಳತೆಯ ಜಾಗ ಇಲ್ಲದ್ದು ಈಗ ಮಗುವಿಗೆ ಮಾತ್ರ. ಶಿಶುವಿಹಾರ ಇರುವುದು ಹೆದ್ದಾರಿಯ ಆಚೆ. ಹೊಸ ಸೀಟು ಅಂಗಡಿಗೆ ಬರಲು ಮೂರು ವಾರ ಬೇಕಂತೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಕಾರು ಹೊರಡುತ್ತದೆ, ಹೆದ್ದಾರಿಯಲ್ಲಿ ಲಾರಿಗಳೂ ಇರುತ್ತವೆ. ಪ್ರತಿ ಸಲವೂ ಆ ಪುಟ್ಟ ಕೈಗಳು ಬೆಲ್ಟನ್ನು ತಳ್ಳಿ ಹಿಡಿಯುವಷ್ಟು ಚುರುಕಾಗಿರುತ್ತವೆಯೇ?

ಸೋಮವಾರದೊಳಗೆ ಆ ಸೀಟನ್ನು ನಮಗೆ ವಾಪಸ್ ಕೊಡಿ. ಹುಟ್ಟಿದ ದಿನಾಂಕದ ನಿಯಮ ಕಿತ್ತುಹಾಕಿ, ಕೌಂಟರಿನಲ್ಲಿ ಒಂದು ಅಳತೆಪಟ್ಟಿ, ಒಂದು ತೂಕದ ಯಂತ್ರ ಇಡಿ. ಅದಾಗದು ಎಂದಾದರೆ ಇನ್ನೊಂದು ದಾರಿಯಿದೆ: "ನಾಲ್ಕು ತುಂಬಿದ ಮಗುವಿಗೆ ಬೆಲ್ಟನ್ನು ಬೆನ್ನ ಹಿಂದೆ ಹಾಕಿ" ಎಂದು ಕಚೇರಿಯ ಕಾಗದದ ಮೇಲೆ ಬರೆದುಕೊಡಿ.

ಇಂತಿ,
ನಿಮ್ಮ ಪರ ಜಗಳವಾಡಿ ಈಗ ಗ್ರೂಪಿನಲ್ಲಿ ತಲೆ ತಗ್ಗಿಸಿ ಕೂತಿರುವ
ಸಾಸಿವೆಯ ಚಿಕ್ಕಿ

ಆ ಕಾಗದದ ಕೆಳಗೆ ಸಹಿ ಹಾಕುತ್ತೀರಾ?